ಕೋಚ್ ಚಂದ್ರಮೋಹನನ ಒಂಬತ್ತು ಶುಭಾಶಯಗಳು

ನಮ್ಮ ಎದುರು ಮನೆಯ ಚಂದ್ರಮೋಹನ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆದದ್ದು ಒಂದು ಕಾಗದದ ತಟ್ಟೆಯಿಂದ. ಹೂಸ್ಟನ್ ಪಕ್ಕದ ನಮ್ಮೂರು ಕೇಟಿಯಿಂದ ಪಶ್ಚಿಮಕ್ಕೆ ಇಪ್ಪತ್ತು ನಿಮಿಷ ಹೋದರೆ ಸಿಗುವ ಪೀಕನ್ ಬೆಂಡ್ ಎಂಬ ಸಣ್ಣ ಕಾಲೇಜಿನಲ್ಲಿ ಅವನು ಹನ್ನೊಂದು ವರ್ಷದಿಂದ ಗಣಿತದ ಮೇಷ್ಟ್ರು. ಮಾರ್ಚ್ ತಿಂಗಳ ಸ್ಟಾಫ್ ಪಿಕ್ನಿಕ್ಕಿನಲ್ಲಿ ಊಟ ಮುಗಿಸಿ, ಎದ್ದು ಹೋಗಲು ಸೋಮಾರಿತನವಾಗಿ, ತಟ್ಟೆಯನ್ನು ಉಂಡೆ ಮಾಡಿ ಹದಿನೈದು ಅಡಿ ದೂರದ ಕಸದ ಡಬ್ಬಿಗೆ ಎಸೆದ. ಅದು ಅಂಚಿಗೂ ತಾಗದೆ ಒಳಗೆ ಬಿತ್ತು. ಪಕ್ಕದಲ್ಲಿದ್ದ ಡೀನ್ ಹಾಲೋವೇ ಮೇಡಂ ಚಪ್ಪಾಳೆ ತಟ್ಟಿ, ಮೊದಲು ಆಡುತ್ತಿದ್ದಿರಾ ಎಂದು ಕೇಳಿದರು. ಇಲ್ಲ ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಚಂದ್ರಮೋಹನ, ಮೈಸೂರಿನಲ್ಲಿ ಯೂನಿವರ್ಸಿಟಿ ತಂಡದ ಜೊತೆ ಇದ್ದೆ ಎಂದ.

ಇದು ಸುಳ್ಳಲ್ಲ. ಅವನು ತಂಡದ ಜೊತೆ ಇದ್ದದ್ದು ನಿಜ. ಸ್ಕೋರ್ ಬರೆಯುವ ಮೇಜಿನ ಹಿಂದೆ. ಎರಡು ವರ್ಷದಲ್ಲಿ ಅವನು ಚೆಂಡನ್ನು ಮುಟ್ಟಿರಲಿಲ್ಲ. ಒಮ್ಮೆ ಚೆಂಡೇ ಬಂದು ಅವನ ಕನ್ನಡಕವನ್ನು ಮುಟ್ಟಿತ್ತು.

ಏಪ್ರಿಲ್ ಮೊದಲ ವಾರ ಕಾಲೇಜಿನ ಕೋಚ್ ಮೂರು ದಿನದ ನೋಟಿಸು ಕೊಟ್ಟು ದೊಡ್ಡ ಕಾಲೇಜೊಂದಕ್ಕೆ ಹೊರಟುಹೋದರು. ಡೀನ್ ಮೇಡಮ್ಮಿಗೆ ಆ ತಟ್ಟೆ ನೆನಪಾಯಿತು. ಒಂದು ವರ್ಷದ ಮಟ್ಟಿಗೆ ನೋಡಿಕೊಳ್ಳಿ ಎಂದು ಚಂದ್ರಮೋಹನನ ಕೊರಳಿಗೆ ಸೀಟಿ ಹಾಕಿಯೇಬಿಟ್ಟರು. ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ ಅವನು. ಮನೆಗೆ ಬಂದು ಹೆಂಡತಿ ರಾಜಲಕ್ಷ್ಮಿಗೆ, ಪ್ರಮೋಷನ್ ಆಯಿತು ಎಂದು ಹೇಳಿದ.

ಸುದ್ದಿ ಕೇಟಿಯ ಕನ್ನಡದವರಿಗೆಲ್ಲ ಹಬ್ಬುವುದಕ್ಕೆ ಒಂದು ಸಂಜೆ ಸಾಕಾಯಿತು. ಹಿಂದಿನ ಬೀದಿಯ ನಿವೇದಿತಾ ಫೋನ್ ಮಾಡಿ, ಕೋಚಿಂಗ್ ಶುರು ಮಾಡಿದ್ದಾರಂತಲ್ಲ, ನಮ್ಮ ಮಗಳಿಗೆ ಎಸ್‌ಎಟಿ ಪರೀಕ್ಷೆಯ ಗಣಿತಕ್ಕೆ ಒಂದು ಸೀಟು ಇಡಿ ಎಂದಳು. ಹೃದ್ರೋಗತಜ್ಞರಾಗಿ ನಿವೃತ್ತರಾದ ವೆಂಕಣ್ಣ ಮಾತ್ರ ಸುದ್ದಿ ಕೇಳಿ ಮುಖ ಸಣ್ಣದು ಮಾಡಿಕೊಂಡರು. ಅವರಿಗೆ ಪಿಕಲ್‌ಬಾಲ್ ಎಂಬ ಟೆನಿಸ್ಸಿನಂಥ ಆಟದ ಹುಚ್ಚು. ಹೂಸ್ಟನ್ನಿನ ಸೆಕೆಯಲ್ಲಿ ಹೊರಗೆ ಆಡಿ ಆಡಿ ಬೇಸತ್ತ ನಮ್ಮ ವಯಸ್ಸಿನ ಇನ್ನೂರು ಹನ್ನೆರಡು ಜನರಿಂದ ಸಹಿ ಮಾಡಿಸಿ, ಪೀಕನ್ ಬೆಂಡ್ ಕಾಲೇಜಿನ ಎಸಿ ಜಿಮ್ಮನ್ನು ಪಿಕಲ್‌ಬಾಲಿಗೆ ಬಿಟ್ಟುಕೊಡಬೇಕೆಂದು ಅವರು ಅರ್ಜಿ ಹಾಕಿದ್ದರು. ಆ ಅರ್ಜಿಯಲ್ಲಿ ಮೂರನೆಯ ಸಹಿ ನನ್ನದು ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಜಯಂತ. ತೈಲ ಕಂಪನಿಯಿಂದ ನಿವೃತ್ತನಾಗಿ ಎರಡು ವರ್ಷ, ಕೆಲಸವಿಲ್ಲ, ಕಾರಿದೆ. ಚಂದ್ರಮೋಹನನ ಜೊತೆ ಹದಿನಾಲ್ಕು ವರ್ಷದ ನೆರೆ, ‘ನೀವು’ ಎಂದೋ ‘ನೀನು’ ಆಗಿಹೋಗಿತ್ತು.

ಅನಾಹುತವಾದದ್ದು ಅವನು ಕೋಚ್ ಆದ ಮೊದಲ ದಿನವೇ.

ಈ ದೇಶದಲ್ಲಿ ಕಾಲೇಜು ಆಟಗಾರನಿಗೆ ಬೇರೆ ಕಾಲೇಜಿಗೆ ಹೋಗುವ ಮನಸ್ಸಾದರೆ ಕಂಪ್ಯೂಟರಿನಲ್ಲಿ ವರ್ಗಾವಣೆಗೆ ಹೆಸರು ಬರೆಸುತ್ತಾನೆ. ಕೋಚ್ ಹೋದ ಬೆನ್ನಿಗೇ ತಂಡದ ಒಂಬತ್ತೂ ಹುಡುಗರು ಹೆಸರು ಬರೆಸಿದ್ದರು. ಒಂಬತ್ತು ಕೋರಿಕೆಗಳೂ ಹೊಸ ಕೋಚಿನ ಮೇಲ್‌ಗೆ ಬಂದವು. ಗಣಿತ ವಿಭಾಗದಲ್ಲಿ ಚಂದ್ರಮೋಹನನಿಗೆ ಪ್ರತಿ ಟರ್ಮಿನಲ್ಲೂ ವರ್ಗಾವಣೆಯ ಕೋರಿಕೆಗಳು ಬರುತ್ತಿದ್ದವು. ಕ್ರೆಡಿಟ್ಟುಗಳನ್ನು ದೊಡ್ಡ ಯೂನಿವರ್ಸಿಟಿಗೆ ವರ್ಗಾಯಿಸಿಕೊಡಿ ಎಂದು ಹುಡುಗರು ಕೇಳುವುದು, ಇವನು ಒಪ್ಪಿಗೆ ಕೊಡುವುದು. ಅದಕ್ಕೆಂದೇ ಒಂದು ಉತ್ತರ ಬರೆದಿಟ್ಟುಕೊಂಡಿದ್ದ: ‘ನಿಮ್ಮ ವರ್ಗಾವಣೆಗೆ ನನ್ನ ಸಂತೋಷದ ಒಪ್ಪಿಗೆ ಇದೆ. ಮುಂದಿನ ದಾರಿ ಶುಭವಾಗಲಿ.’ ಅಂದು ಬೆಳಿಗ್ಗೆ ಕಾಫಿ ಆರುವ ಮೊದಲೇ ಒಂಬತ್ತು ಮಂದಿಗೂ ಆ ಶುಭಾಶಯ ಹೋಯಿತು. ಕೊನೆಯಲ್ಲಿ ನಗುವ ಮುಖದ ಒಂದು ಚಿತ್ರವೂ ಇತ್ತಂತೆ.

ಮಧ್ಯಾಹ್ನ ಆಸ್ಟಿನ್ನಿನಿಂದ ಅವನ ಮಗಳು ತನ್ವಿಯ ಫೋನು ಬಂತು. ಅವಳು ಅಲ್ಲಿ ಯೂನಿವರ್ಸಿಟಿಯಲ್ಲಿ ಮೂರನೆಯ ವರ್ಷ. ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದವಳು. ತಂಡದ ಮಟೇಯೊ ಎಂಬ ಹುಡುಗ ಅವಳ ಗೆಳತಿಯ ತಮ್ಮನ ಸ್ನೇಹಿತ. ಅವನು ಆ ಉತ್ತರವನ್ನು ಎಲ್ಲರಿಗೂ ತೋರಿಸುತ್ತಿದ್ದನಂತೆ.

“ಅಪ್ಪಾ, ಯು ಫೈರ್ಡ್ ದೆಮ್” ಎಂದಳು.

“ನಾನ್ಯಾಕೆ ಫೈರ್ ಮಾಡ್ಲಿ? ಶುಭವಾಗಲಿ ಅಂದೆ.”

ತನ್ವಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಅರ್ಧಕ್ಕರ್ಧ ಹುಡುಗರಿಗೆ ಹೋಗುವ ಮನಸ್ಸೇ ಇರಲಿಲ್ಲ. ಹೆಸರು ಬರೆಸಿದರೆ ಹೊಸ ಕೋಚ್ ಮನೆಬಾಗಿಲಿಗೆ ಓಡಿಬಂದು, ಹೋಗಬೇಡ ಕಣೋ ಎಂದು ಕೈಹಿಡಿದುಕೊಳ್ಳುತ್ತಾನೆ ಎಂಬುದು ಅವರ ಎಣಿಕೆ. ಎಲ್ಲ ಕಡೆಯೂ ಹಾಗೇ ನಡೆಯುವುದು. ಇಲ್ಲಿ ನೋಡಿದರೆ ಹತ್ತು ನಿಮಿಷದೊಳಗೆ ನಗುಮುಖದ ಬೀಳ್ಕೊಡುಗೆ.

ಮರುದಿನ ಡೀನ್ ಮೇಡಂ ಕರೆಸಿದರು. ಅವರು ಗದರುವವರಲ್ಲ, ಮೃದುವಾಗಿ ಮಾತಾಡುತ್ತಾರೆ, ಅದರಿಂದ ಇನ್ನೂ ಹೆದರಿಕೆಯಾಗುತ್ತದೆ. ಮೇ ಹದಿನೈದರೊಳಗೆ ಕನಿಷ್ಠ ಎಂಟು ಮಂದಿ ಉಳಿಯುತ್ತೇವೆಂದು ಸಹಿ ಹಾಕದಿದ್ದರೆ ಈ ವರ್ಷ ತಂಡ ಇರುವುದಿಲ್ಲ, ತಂಡವಿಲ್ಲದ ಮೇಲೆ ಜಿಮ್ಮಿಗೆ ಬೇರೆ ಬೇಡಿಕೆಗಳಿವೆ ಎಂದರು. ಇನ್ನೂರು ಹನ್ನೆರಡು ಸಹಿಗಳ ಅರ್ಜಿ ಅವರ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇತ್ತು. ಚಂದ್ರಮೋಹನ ಅದನ್ನು ತಿರುವಿ ನೋಡಿ, ಮೂರನೆಯ ಹೆಸರಿನ ಬಳಿ ಸ್ವಲ್ಪ ಹೊತ್ತು ನಿಂತನಂತೆ.

ಅಂದು ಸಂಜೆ ನಮ್ಮ ಮನೆಗೆ ಬಂದ. ಅರ್ಜಿಯ ಮಾತೆತ್ತಲಿಲ್ಲ.

“ಜಯಂತ, ನಿನ್ನ ಕಾರು ಬೇಕು. ನೀನೂ ಬೇಕು” ಎಂದ.

ಇಲ್ಲ ಎನ್ನುವ ಮುಖ ನನಗಿರಲಿಲ್ಲ. ಅಲ್ಲದೆ ಅವನು ಫ್ರೀವೇ ಮೇಲೆ ಗಂಟೆಗೆ ಐವತ್ತು ಮೈಲಿ ದಾಟುವವನಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಕೈಮುಗಿಯುತ್ತಾನೆ, ಸ್ಟಿಯರಿಂಗ್ ಬಿಟ್ಟು. ಅವನು ತಂಡದ ಹುಡುಗರಿಗೆಲ್ಲ ಆಗಲೇ ಫೋನ್ ಮಾಡಿದ್ದ. ಆರು ಮಂದಿಯೂ ಒಂದೇ ಮಾತು ಹೇಳಿದ್ದರು: ಎಮೆಕಾ, ಜೇಲನ್, ಮಟೇಯೊ ಈ ಮೂವರು ಉಳಿದರೆ ನಾವೂ ಉಳಿಯುತ್ತೇವೆ. ಆ ಮೂವರು ಫೋನ್ ಎತ್ತುತ್ತಿರಲಿಲ್ಲ. ಒಬ್ಬನ ಮನೆ ಹೂಸ್ಟನ್ನಿನಲ್ಲಿ, ಇನ್ನೊಬ್ಬನದು ಡಾಲಸ್, ಮತ್ತೊಬ್ಬನದು ಆಸ್ಟಿನ್.

ರಾಜಲಕ್ಷ್ಮಿ, ಯಾರ ಮನೆಗೂ ಬರಿಗೈಯಲ್ಲಿ ಹೋಗಬೇಡಿ ಎಂದು ಮೂರು ಡಬ್ಬಿ ಚಕ್ಕುಲಿ ಕಟ್ಟಿಕೊಟ್ಟಳು.

ಎಮೆಕಾ ಆರಡಿ ಹತ್ತಂಗುಲದ ಹುಡುಗ. ಅವನ ತಾಯಿ ಮಿಸೆಸ್ ಒಕಾಫೋರ್ ಆಸ್ಪತ್ರೆಯಲ್ಲಿ ಹೆಡ್ ನರ್ಸ್; ನೈಜೀರಿಯಾದಿಂದ ಬಂದು ಮೂವತ್ತು ವರ್ಷವಾದವರು. ನೈರುತ್ಯ ಹೂಸ್ಟನ್ನಿನ ಅವರ ಮನೆಯ ಸೋಫಾದಲ್ಲಿ ನಾವು ಕೂತಾಗ, ಗಂಡಿನ ಕಡೆಯವರು ಬಂದಾಗ ಹೆಣ್ಣಿನ ಮನೆಯಲ್ಲಿ ಕೂರಿಸುತ್ತಾರಲ್ಲ, ಹಾಗೆಯೇ ಅನಿಸಿತು. ಎದುರಿಗೆ ತಾಯಿ, ಪಕ್ಕದಲ್ಲಿ ಇಬ್ಬರು ಚಿಕ್ಕಮ್ಮಂದಿರು, ಗೋಡೆಗೆ ಒರಗಿ ನೆಲ ನೋಡುತ್ತ ಎಮೆಕಾ. ಚಕ್ಕುಲಿ ಡಬ್ಬಿ ಕೈಯಿಂದ ಕೈಗೆ ದಾಟಿತು. ಒಬ್ಬ ಚಿಕ್ಕಮ್ಮ ಒಂದನ್ನು ಮುರಿದು, ಮೂಸಿ, ತಿಂದು, ಇನ್ನೊಂದು ತೆಗೆದುಕೊಂಡರು. ಅದೊಂದೇ ಶುಭಸೂಚನೆ.

ಮಿಸೆಸ್ ಒಕಾಫೋರ್ ಫೋನ್ ತೆಗೆದು ಚಂದ್ರಮೋಹನನ ಉತ್ತರವನ್ನು ಗಟ್ಟಿಯಾಗಿ ಓದಿದರು. ನಗುಮುಖ ಬಂದಾಗ, ‘ಇಲ್ಲಿ ಒಂದು ನಗು’ ಎಂದು ಅದನ್ನೂ ಓದಿದರು. ಆಮೇಲೆ, ನಿಮಗೆ ನನ್ನ ಮಗ ಯಾಕೆ ಬೇಕು ಎಂದು ಕೇಳಿದರು.

ನಾಲ್ಕು ಒಳ್ಳೆಯ ಮಾತು ಹೇಳಬೇಕಾದ ಹೊತ್ತು. ಚಂದ್ರಮೋಹನ ಎಮೆಕಾನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಎತ್ತರ ಇದ್ದಾನೆ” ಎಂದ.

ಚಿಕ್ಕಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದ್ದು ಬರುವುದೊಂದೇ ಉಳಿದಿತ್ತು. ಅಷ್ಟರಲ್ಲಿ ಊಟದ ಮೇಜಿನ ಮೇಲೆ ತೆರೆದಿಟ್ಟಿದ್ದ ಕ್ಯಾಲ್ಕುಲಸ್ ಪುಸ್ತಕ ಚಂದ್ರಮೋಹನನ ಕಣ್ಣಿಗೆ ಬಿತ್ತು. ಎಮೆಕಾ ಅರ್ಧ ಮಾಡಿ ಕೈಬಿಟ್ಟಿದ್ದ ಲೆಕ್ಕವನ್ನು ನೋಡಿ ಅವನಿಗೆ ಸುಮ್ಮನಿರಲಾಗಲಿಲ್ಲ. ಎರಡನೆಯ ಸಾಲಿನಲ್ಲೇ ಮೈನಸ್ ಬಿಟ್ಟಿದ್ದೀಯಲ್ಲ ಎಂದು ಎದ್ದು ಹೋದವನು ಒಂದೂವರೆ ಗಂಟೆ ಅಲ್ಲೇ ಕೂತ. ನಾನು ಚಿಕ್ಕಮ್ಮಂದಿರ ಜೊತೆ ಅವರ ಮೂರು ಧಾರಾವಾಹಿಗಳ ಹಿಂದಿನ ಕಥೆಯನ್ನೆಲ್ಲ ಕೇಳಿದೆ. ಕೊನೆಗೆ ಮಿಸೆಸ್ ಒಕಾಫೋರ್ ನಮ್ಮಿಬ್ಬರಿಗೂ ತಟ್ಟೆ ತುಂಬ ಅನ್ನ ಬಡಿಸಿದರು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ, ಹಾಗಾದರೆ ಏನು ತಿಂದು ಬದುಕಿದ್ದೀರಿ ಎಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ಪರೀಕ್ಷಿಸಿದರು.

ಹೊರಡುವಾಗ ಎಮೆಕಾ ಸಹಿಯ ಕಾಗದ ತೆಗೆದುಕೊಂಡು ಬಾಗಿಲವರೆಗೆ ಬಂದು, ಜೇಲನ್ ಸಹಿ ಹಾಕಿದರೆ ತಾನೂ ಹಾಕುತ್ತೇನೆ ಎಂದ. ಅವನು ಚೆಂಡು ಕೊಡದಿದ್ದರೆ ತಾನು ಎತ್ತರವಿದ್ದು ಏನು ಪ್ರಯೋಜನ ಎಂದೂ ಕೇಳಿದ. ನ್ಯಾಯವಾದ ಪ್ರಶ್ನೆಯೇ.

ಶನಿವಾರ ಬೆಳಿಗ್ಗೆ ಡಾಲಸ್‌ಗೆ ಹೊರಟೆವು. ನಾಲ್ಕು ಗಂಟೆಯ ದಾರಿ. ಚಂದ್ರಮೋಹನ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಿದ್ದ: ನಿನ್ನ ದೂರದೃಷ್ಟಿ, ನಿನ್ನ ನಾಯಕತ್ವ, ನಿನ್ನ ಶ್ರದ್ಧೆ. ‘ಎತ್ತರ’ ಎಂಬ ಪದವನ್ನು ಯಾವ ಕಾರಣಕ್ಕೂ ಆಡಬಾರದೆಂದು ತೀರ್ಮಾನವಾಗಿತ್ತು. ಜೇಲನ್ ಹೇಗೂ ಕುಳ್ಳ.

ಜೇಲನ್‌ನ ತಂದೆ ಡಾಲಸ್‌ನ ಓಕ್ ಕ್ಲಿಫ್‌ನಲ್ಲಿ ಕ್ಷೌರದ ಅಂಗಡಿ ಇಟ್ಟವರು. ಕರ್ಟಿಸ್ ಎಂದು ಹೆಸರು. ಶನಿವಾರವಾದ್ದರಿಂದ ಅಂಗಡಿಯಲ್ಲಿ ಹತ್ತು ಹನ್ನೆರಡು ಜನ ಕಾಯುತ್ತಿದ್ದರು. ಕರ್ಟಿಸ್ ತಮ್ಮ ಕುರ್ಚಿಯಲ್ಲಿ ಕೂತವರ ಜೊತೆ ಮಾತ್ರ ಮಾತಾಡುವುದಾಗಿ ಹೇಳಿದರು. ಹಾಗಾಗಿ ಚಂದ್ರಮೋಹನ ಸಾಲಿನಲ್ಲಿ ಕಾದು, ಕುರ್ಚಿಯಲ್ಲಿ ಕೂತ. ಅವನ ತಲೆಯಲ್ಲಿ ಕತ್ತರಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಕಿವಿಗಳ ಸುತ್ತ ಒಂದು ಪಟ್ಟಿ, ಅಷ್ಟೆ. ಕರ್ಟಿಸ್ ಅದಕ್ಕೂ ಮುಕ್ಕಾಲು ಗಂಟೆ ತೆಗೆದುಕೊಂಡರು.

ಅಷ್ಟು ಹೊತ್ತೂ ಪ್ರಶ್ನೆ ಕೇಳಿದವರು ಕಾಯುತ್ತಿದ್ದ ಗಿರಾಕಿಗಳು. ಜೇಲನ್ ಎಲ್ಲಿ ಆಡಬೇಕೆಂಬುದು ಆ ಬೀದಿಯ ಸಾರ್ವಜನಿಕ ವಿಷಯ ಎಂದು ನಮಗೆ ಆಗ ತಿಳಿಯಿತು. ಹ್ಯಾಟ್ ಹಾಕಿದ ಒಬ್ಬ ಮುದುಕರು, ಎದುರು ತಂಡವನ್ನು ತಡೆಯಲು ಒಬ್ಬೊಬ್ಬ ಆಟಗಾರನನ್ನು ಹಿಡಿಯುತ್ತೀರೋ, ಅಂಗಳದಲ್ಲಿ ಜಾಗ ಕಾಯುತ್ತೀರೋ ಎಂದು ಕೇಳಿದರು. ಚಂದ್ರಮೋಹನ ಸ್ವಲ್ಪ ಯೋಚಿಸಿ, ಎರಡೂ, ಸಂದರ್ಭ ನೋಡಿಕೊಂಡು ಎಂದ. ಮುದುಕರು ತೊಡೆ ತಟ್ಟಿಕೊಂಡು ನಕ್ಕರು. ಎಲ್ಲರೂ ನಕ್ಕರು. ಕರ್ಟಿಸ್ ನಗುವಾಗ ಕೈ ಸ್ವಲ್ಪ ಜಾರಿ, ಎಡಗಿವಿಯ ಮೇಲಿನ ಪಟ್ಟಿ ಅರ್ಧ ಹೋಯಿತು. ಸರಿದೂಗಿಸಲು ಬಲಗಡೆಯದ್ದನ್ನೂ ತೆಗೆದರು. ಅದು ಈಗಿನ ಫ್ಯಾಷನ್ ಎಂದು ಸಮಾಧಾನ ಹೇಳಿದರು. ಕನ್ನಡಿಯಲ್ಲಿ ನೋಡಿದರೆ ಚಂದ್ರಮೋಹನ ಒಂದು ದೊಡ್ಡ ಮೊಟ್ಟೆಗೆ ಮೀಸೆ ಬರೆದ ಹಾಗೆ ಕಾಣುತ್ತಿದ್ದ.

ಆಮೇಲೆ ಜೇಲನ್ ಹಿಂದಿನ ಕೋಣೆಯಿಂದ ಬಂದ. ದೂರದೃಷ್ಟಿ, ನಾಯಕತ್ವ, ಶ್ರದ್ಧೆ ಮೂರನ್ನೂ ಚಂದ್ರಮೋಹನ ತಪ್ಪಿಲ್ಲದೆ ಒಪ್ಪಿಸಿದ. ಹುಡುಗ ಎಲ್ಲವನ್ನೂ ಕೇಳಿ, ಮಟೇಯೊ ಉಳಿದರೆ ತಾನು ಉಳಿಯುತ್ತೇನೆ ಎಂದ. ದೂರದಿಂದ ಚೆಂಡು ಹಾಕುವವನು ಮಟೇಯೊ ಒಬ್ಬನೇ; ಅವನಿಲ್ಲದಿದ್ದರೆ ಎದುರಾಳಿಗಳೆಲ್ಲ ಬಂದು ತನ್ನ ಮೇಲೇ ಬೀಳುತ್ತಾರಂತೆ.

ಆ ರಾತ್ರಿ ಲಿಟಲ್ ಎಲ್ಮ್‌ನಲ್ಲಿ ನನ್ನ ತಂಗಿಯ ಮನೆಯಲ್ಲಿ ಮಲಗಿದೆವು. ರಾಜಲಕ್ಷ್ಮಿ ವಿಡಿಯೋ ಕಾಲ್ ಮಾಡಿ ಗಂಡನನ್ನು ನೋಡಿ, ಯಾರು ಹೋದರು ಎಂದು ಗಾಬರಿಯಿಂದ ಕೇಳಿದಳು. ಯಾರೂ ಹೋಗಿಲ್ಲ, ಇದು ಫ್ಯಾಷನ್ ಎಂದು ನಂಬಿಸಲು ಬಹಳ ಹೊತ್ತು ಹಿಡಿಯಿತು.

ಭಾನುವಾರ ಆಸ್ಟಿನ್‌ಗೆ ಹೊರಟರೆ, ವೇಕೊ ಊರಿನ ಬಳಿ ರಸ್ತೆ ಕೆಲಸ. ಕಾರುಗಳು ಎರಡು ಗಂಟೆ ಕದಲಲಿಲ್ಲ. ಆಗ ವೆಂಕಣ್ಣನವರ ಫೋನು ಬಂತು. ಕಾರಿನ ಸ್ಪೀಕರ್ ಆನ್ ಆಗಿತ್ತು. ಜಿಮ್ಮಿಗೆ ಹೋಗಿ ಅಳತೆ ತೆಗೆದುಕೊಂಡು ಬಂದೆ ಕಣಯ್ಯ ಜಯಂತ, ಆರು ಕೋರ್ಟ್ ಆರಾಮಾಗಿ ಕೂರುತ್ತೆ, ನಿನ್ನ ಫ್ರೆಂಡ್ ಒಳ್ಳೆ ಕೆಲಸ ಮಾಡ್ದ ಎಂದರು. ನಾನು ಸಿಗ್ನಲ್ ಇಲ್ಲವೆಂದು ಫೋನಿಟ್ಟೆ. ಚಂದ್ರಮೋಹನ ಕಿಟಕಿಯ ಆಚೆಗೆ ನೋಡುತ್ತಿದ್ದ.

“ನಿನ್ನ ಸಹಿ ನೋಡ್ದೆ ನಾನು. ಅಕ್ಷರ ಚೆನ್ನಾಗಿದೆ” ಎಂದ.

ಪೂರ್ವ ಆಸ್ಟಿನ್ನಿನಲ್ಲಿ ಮಟೇಯೊನ ಅಕ್ಕನದು ಟಾಕೋ ಎಂಬ ಮೆಕ್ಸಿಕನ್ ರೊಟ್ಟಿ ಮಾರುವ ಒಂದು ಗಾಡಿ. ಭಾನುವಾರದ ಮಧ್ಯಾಹ್ನ ಗಾಡಿಯೊಳಗೆ ಮಟೇಯೊ ಈರುಳ್ಳಿ ಹೆಚ್ಚುತ್ತಿದ್ದ. ತನ್ವಿ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಅಪ್ಪನ ತಲೆ ನೋಡಿ ಏನೋ ಹೇಳಲು ಹೋಗಿ, ಮುಖ ನೋಡಿ ಬಿಟ್ಟಳು. ಮಟೇಯೊ ಕೈ ಒರೆಸಿಕೊಂಡು ಬಂದು, ಚಕ್ಕುಲಿಗೆ ಧನ್ಯವಾದ ಹೇಳಿ, ತನ್ನದೊಂದೇ ಷರತ್ತು ಎಂದ. ಎಮೆಕಾ ಸಹಿ ಹಾಕಿದರೆ ತಾನೂ ಹಾಕುತ್ತಾನೆ. ಎಸೆದದ್ದು ತಪ್ಪಿದರೆ ಚೆಂಡನ್ನು ಎತ್ತಿಕೊಡಲು ಅವನಿಗಿಂತ ಬೇರೆ ಯಾರಿದ್ದಾರೆ ಎಂದ.

ಇಷ್ಟು ವರ್ಷ ಗಣಿತ ಹೇಳಿದ ಮನುಷ್ಯನಿಗೆ ಇದು ಎಲ್ಲಿಗೆ ಬಂತೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಮೆಕಾನಿಗೆ ಜೇಲನ್, ಜೇಲನ್‌ಗೆ ಮಟೇಯೊ, ಮಟೇಯೊಗೆ ಎಮೆಕಾ. ಮೂವರೂ ಉಳಿಯಲು ಸಿದ್ಧ, ಮೊದಲು ಸಹಿ ಹಾಕಲು ಒಬ್ಬನೂ ಸಿದ್ಧನಿಲ್ಲ. ತನ್ವಿ, ಮೂವರನ್ನೂ ಒಟ್ಟಿಗೆ ಮಾತಾಡಿಸೋಣ ಎಂದು ಫೋನನ್ನು ಸಾಸ್ ಬಾಟಲಿಗೆ ಒರಗಿಸಿ ವಿಡಿಯೋ ಕಾಲ್ ಹಚ್ಚಿದಳು. ಒಂದು ಚೌಕದಲ್ಲಿ ಎಮೆಕಾನ ಗಲ್ಲ ಕಂಡಿತು, ಇನ್ನೊಂದರಲ್ಲಿ ಜೇಲನ್. ಎಮೆಕಾ, ಮೊದಲು ಜೇಲನ್ ಹೇಳಲಿ ಎಂದ. ಜೇಲನ್, ಮೊದಲು ಮಟೇಯೊ ಎಂದ. ಮಟೇಯೊ ಫೋನಿನ ಕಡೆ ಕೈ ತೋರಿಸಿದ. ಎರಡು ಸುತ್ತು ಹೀಗೇ ಆಯಿತು. ಮೂರನೆಯ ಸುತ್ತಿಗೆ ಚಂದ್ರಮೋಹನ ಎದ್ದು ನಿಂತ.

ಹದಿನಾಲ್ಕು ವರ್ಷದಲ್ಲಿ ಅವನು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಎತ್ತಿದಾಗ ಅದು ಇಂಗ್ಲಿಷಿನಲ್ಲಿ ಬರಲಿಲ್ಲ.

“ಸಾಕು ಮಾಡ್ರೋ. ಅವನು ಅಂದ್ರೆ ನಾನು, ಇವನು ಅಂದ್ರೆ ಅವನು. ಏನ್ ಆಟ ಇದು? ಮೂರು ಊರು ಸುತ್ತಿದೀನಿ, ಸೊಂಟ ಹಿಡ್ಕೊಂಡಿದೆ. ಈ ತಲೆ ನೋಡಿ, ಇದನ್ನಿಟ್ಕೊಂಡು ಸೋಮವಾರ ಕ್ಲಾಸಿಗೆ ಹೋಗ್ಬೇಕು ನಾನು. ನಂಗೆ ಆಟ ಬರಲ್ಲ, ಒಪ್ಕೋತೀನಿ. ಒಂದು ದಿನಾನೂ ಆಡಿಲ್ಲ, ಬರೀ ಸ್ಕೋರ್ ಬರೀತಿದ್ದೆ. ಹೋಗೋದಾದ್ರೆ ಹೋಗಿ, ಕಟ್ಟಿಹಾಕೋಕ್ಕೆ ನಾನ್ಯಾರು? ಆದ್ರೆ ನಾನು ಹೋಗಿ ಅಂದೆ ಅಂತ ಮಾತ್ರ ಅನ್ಬೇಡಿ. ಓದ್ದೇ ಕಳಿಸ್ಬಿಟ್ಟೆ. ತಪ್ಪು ನಂದೇ. ನೀವೆಲ್ಲ ಹೋದ್ಮೇಲೆ ಆ ಖಾಲಿ ಜಿಮ್ಮಲ್ಲಿ ನಾನೊಬ್ನೇ ಸೀಟಿ ಊದ್ಕೊಂಡು ನಿಂತಿರ್ಲಾ?”

ಗಾಡಿಯ ಮುಂದೆ ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮಟೇಯೊನ ಅಕ್ಕ ಒಲೆ ಸಣ್ಣ ಮಾಡಿದಳು. ಹುಡುಗರು ತನ್ವಿಯ ಕಡೆ ನೋಡಿದರು.

“ಹೀ ಸೇಸ್, ಪ್ಲೀಸ್ ಡೋಂಟ್ ಗೋ” ಎಂದಳು ತನ್ವಿ.

ಎಮೆಕಾ, ಇನ್ನೂ ಉದ್ದ ಇತ್ತಲ್ಲ ಎಂದ. ಉಳಿದದ್ದು ಬೆನ್ನುನೋವಿನ ವಿಷಯ ಎಂದಳು ತನ್ವಿ.

ಆಗ ಎಮೆಕಾನ ಚೌಕದಲ್ಲಿ ಗಲ್ಲದ ಪಕ್ಕ ಮಿಸೆಸ್ ಒಕಾಫೋರ್ ಅವರ ಮುಖ ಬಂತು. ಮಗಳು ಹೇಳುವುದು ಬೇಡ, ಆ ಮಾತನ್ನು ನೀವೇ ಹೇಳಿ ಎಂದರು.

ಚಂದ್ರಮೋಹನ ಬೆಂಚಿನ ಮೇಲೆ ಕೂತ. ಫೋನನ್ನು ಹತ್ತಿರ ಎಳೆದುಕೊಂಡ. ನಾಯಕತ್ವ, ಶ್ರದ್ಧೆ ಯಾವುದೂ ಅವನಿಗೆ ನೆನಪಾದಂತೆ ಕಾಣಲಿಲ್ಲ. ಸಣ್ಣ ದನಿಯಲ್ಲಿ, ದಯವಿಟ್ಟು ಹೋಗಬೇಡಿ, ನೀವು ಒಂಬತ್ತು ಜನವೂ ಇರಬೇಕೆಂದು ನನಗೆ ಆಸೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅಷ್ಟೇ. ಅದನ್ನು ಹೇಳಲು ಅವನಿಗೆ ಮೂರು ಊರು, ಆರುನೂರು ಮೈಲಿ ಬೇಕಾಗಿತ್ತು.

ಮಿಸೆಸ್ ಒಕಾಫೋರ್ ಮಗನ ಕಡೆ ತಿರುಗಿದರು. “ಪೆನ್ನು ತಗೋ” ಎಂದರು.

ತಾಯಿಯ ಮುಂದೆ ಆರಡಿ ಹತ್ತಂಗುಲ ಯಾವ ಲೆಕ್ಕ. ಎಮೆಕಾ ಸಹಿ ಹಾಕಿದ. ಅದನ್ನು ಕಣ್ಣಾರೆ ನೋಡಿ ಮಟೇಯೊ ಹಾಕಿದ, ಈರುಳ್ಳಿ ಕೈಯಲ್ಲೇ. ಮಟೇಯೊನದು ನೋಡಿ ಜೇಲನ್. ಸಂಜೆಯೊಳಗೆ ಉಳಿದ ಆರು ಮಂದಿಯ ಸಹಿಗಳೂ ಫೋನಿಗೆ ಬಂದವು. ಮಟೇಯೊನ ಅಕ್ಕ ನಮ್ಮ ಮುಂದೆ ಬೀನ್ಸ್ ಟಾಕೋ ತುಂಬಿದ ಎರಡು ತಟ್ಟೆ ಇಟ್ಟಳು. ಚಂದ್ರಮೋಹನ ಏಳು ತಿಂದ.

ಡೀನ್ ಮೇಡಂ ಸೋಮವಾರ ಎಲ್ಲ ಕಾಗದ ನೋಡಿ, ಅವನ ಕೈ ಕುಲುಕಿ, ತಲೆಯ ವಿಷಯವೆತ್ತದೆ ಕಳಿಸಿದರಂತೆ. ವೆಂಕಣ್ಣ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಅರ್ಜಿಯಿಂದ ನನ್ನ ಹೆಸರು ತೆಗೆಯಿರಿ ಎಂದು ನಾನು ಹೇಳಿದ ಮೇಲೆ ಇನ್ನೊಂದು ವಾರ ಮುಂದುವರಿಸಿದರು.

ಮೇ ಕೊನೆಯ ಬುಧವಾರ ಬೆಳಿಗ್ಗೆ ಮೊದಲ ಅಭ್ಯಾಸ. ನೋಡಲು ನನ್ನನ್ನೂ ಕರೆದಿದ್ದ. ಹೊಸ ಟೀಶರ್ಟು, ಹೊಸ ಷೂ, ಕೈಯಲ್ಲಿ ಒಂದು ಫೈಲು. ಒಂಬತ್ತು ಮಂದಿಯೂ ಬಂದಿದ್ದರು. ಚಂದ್ರಮೋಹನ ಸೀಟಿ ಊದಿದ ತಕ್ಷಣ ಓಡಿಬಂದು ಸುತ್ತ ನಿಂತು, ಅವನ ಮುಖವನ್ನೇ ನೋಡಿದರು. ಅವನು ಒಬ್ಬೊಬ್ಬರನ್ನೇ ಎಣಿಸಿದ. ಪೂರ್ತಿ ಒಂಬತ್ತು. ಸಂತೋಷದಿಂದ ಅವನ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ.

ಎಮೆಕಾ, ಏನು ಮಾಡೋಣ ಕೋಚ್ ಎಂದು ಕೇಳಿದ.

ಚಂದ್ರಮೋಹನ ಫೈಲು ತೆರೆದ, ಅದರಲ್ಲಿ ಒಂಬತ್ತು ಸಹಿಗಳಿದ್ದವು, ಬೇರೇನೂ ಇರಲಿಲ್ಲ. ಇವರನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ, ಉಳಿದ ಮೇಲೆ ಇವರಿಗೆ ಆಟ ಹೇಳಿಕೊಡಬೇಕಾಗುತ್ತದೆ ಎಂಬುದನ್ನು ಅವನು ಒಂದು ಸಲವೂ ಯೋಚಿಸಿರಲಿಲ್ಲ. ನನ್ನ ಕಡೆ ನೋಡಿದ. ನಾನು ಚಾವಣಿಯ ಕಡೆ ನೋಡಿದೆ.

“ಓಡಿ” ಎಂದ, ಬಹಳ ಗಂಭೀರವಾಗಿ.

ಎಷ್ಟು ಸುತ್ತು ಎಂದು ಜೇಲನ್ ಕೇಳಿದ. ನಾನು ಹೇಳುವವರೆಗೆ ಎಂದು ಹೇಳಿ, ನನ್ನ ಪಕ್ಕ ಬಂದು ಕೂತು, ತನ್ವಿಗೆ ಫೋನ್ ಮಾಡಿದ. ಅವಳು ಕ್ಲಾಸಿನಲ್ಲಿದ್ದಳು, ಎತ್ತಲಿಲ್ಲ. ಮತ್ತೆ ಮಾಡಿದ. ಹುಡುಗರು ಓಡುತ್ತಲೇ ಇದ್ದರು.